ರಜೆಯಲ್ಲಿ ಕೆಲಸಕ್ಕೆ ಹೋಗಲಾ, ಅಕ್ಕ?

ಪ್ರಶ್ನೆ: ಅಕ್ಕ, ನಾನು ಕೊಡಗಿನ ನಾಪೋಕ್ಲು ಹತ್ತಿರದ ಹಳ್ಳಿಯವಳು. 14 ವರ್ಷ, ಎಂಟನೇ ತರಗತಿ ಮುಗಿಸಿದ್ದೇನೆ. ಊರಿನ ಹೋಂಸ್ಟೇ ಒಂದರಲ್ಲಿ ಮೇ ಕೊನೆಯವರೆಗೆ ಕೆಲಸಕ್ಕೆ ಕರೆಯುತ್ತಿದ್ದಾರೆ. ಬೆಳಿಗ್ಗೆ ಆರಕ್ಕೆ ಹೋಗಿ, ರಾತ್ರಿ ಊಟ ಬಡಿಸಿ ಬರಬೇಕು. ಅಮ್ಮ ಟ್ಯೂಷನ್‌ಗೆ ಹೋಗು ಅಂತಾರೆ. ನನಗೆ ನಾಲ್ಕು ಕಾಸು ದುಡಿಯುವ ಆಸೆ.

ಉತ್ತರ: ದುಡಿಯುವ ಆಸೆ ತಪ್ಪಲ್ಲ ತಂಗಿ. ಆದರೆ ಈ ಕೆಲಸ ಬೇಡ. 14ರಿಂದ 18 ವರ್ಷದವರನ್ನು ರಾತ್ರಿ ಏಳರಿಂದ ಬೆಳಿಗ್ಗೆ ಎಂಟರವರೆಗೆ ದುಡಿಸುವಂತಿಲ್ಲ, ದಿನಕ್ಕೆ ಬಿಡುವೂ ಸೇರಿ ಆರು ಗಂಟೆ ಮೀರುವಂತಿಲ್ಲ ಅಂತ ಕಾನೂನೇ ಇದೆ. ಹಗಲು ನಾಲ್ಕೈದು ಗಂಟೆ ಮಾತ್ರ ಬರ್ತೀನಿ ಅಂತ ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿ ಹೇಳು. ಒಪ್ಪದಿದ್ದರೆ ಬಿಟ್ಟುಬಿಡು.

ಈಗ ಕಾಳುಮೆಣಸು ಕೊಯ್ಲಿನ ಸಮಯ ಅಲ್ವಾ? ನಿನ್ನ ವಯಸ್ಸಿನಲ್ಲಿ ನಾನು ರಜೆಯಿಡೀ ಮಾವನ ಮನೆ ಕಣದಲ್ಲಿ ಲೆಕ್ಕ ಬರೆಯುತ್ತಿದ್ದೆ. ಬುಟ್ಟಿ ತುಂಬಿದ ಹಸಿಮೆಣಸನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ಹರವಿದರೆ ಬೇಗ ಒಣಗುತ್ತದೆ, ಒಂದೇ ಸಮ ಕಪ್ಪಾಗುತ್ತದೆ. ಸುಮಾರು ಮೂರು ಕಿಲೋ ಹಸಿಗೆ ಒಂದು ಕಿಲೋ ಒಣಮೆಣಸು. ತೂಕ, ದಿನ, ಬಿಸಿಲು, ಮಾರಿದ ದರ ಎಲ್ಲ ನೋಟ್‌ಬುಕ್ಕಿಗೆ ಹೋಗುತ್ತಿತ್ತು, ಶೇಕಡಾವಾರು ಲೆಕ್ಕ ನನ್ನ ತಲೆಗೆ ಹತ್ತಿದ್ದು ಆ ಕಣದಲ್ಲೇ. ನಿಮ್ಮ ಮನೆಯಲ್ಲೋ ನೆಂಟರಲ್ಲೋ ತೋಟವಿದ್ದರೆ ಆ ಲೆಕ್ಕ ನೀನೇ ಕೇಳಿ ವಹಿಸಿಕೋ, ಸಂಬಳವನ್ನೂ ಮೊದಲೇ ಮಾತಾಡಿಕೋ. ಏಣಿ ಹತ್ತುವುದು, ಔಷಧಿ ಹೊಡೆಯುವುದು ಮಾತ್ರ ಬೇಡವೇ ಬೇಡ. ಜೇನು ಇಷ್ಟವಿದ್ದರೆ, ಪೆಟ್ಟಿಗೆ ಇಟ್ಟವರ ಜೊತೆ ನಿಂತು ತುಪ್ಪ ತೆಗೆಯುವುದನ್ನು ಕಲಿ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಯಾವ ತರಬೇತಿ ಇದೆ ಅಂತ ಅಪ್ಪನ ಮೂಲಕ ವಿಚಾರಿಸು.

ಇನ್ನೊಂದು ಮಾತು, ಇದನ್ನು ಅಮ್ಮನಿಗೂ ಓದಿ ಹೇಳು. ಒಂಬತ್ತನೇ ತರಗತಿಯವರಿಗೆ ಇಸ್ರೋ 2019ರಿಂದ ಬೇಸಿಗೆಯಲ್ಲಿ ‘ಯುವಿಕಾ’ ಅನ್ನುವ ಶಿಬಿರ ನಡೆಸುತ್ತಿದೆ. ಸುಮಾರು ಎರಡು ವಾರ ವಿಜ್ಞಾನಿಗಳ ಜೊತೆ ಇದ್ದು ಕಲಿಯಬಹುದು, ಪ್ರಯಾಣ, ಊಟ, ವಸತಿ ಖರ್ಚು ಅವರದೇ. ಆಯ್ಕೆಗೆ ಎಂಟನೇ ತರಗತಿಯ ಅಂಕ ನೋಡುತ್ತಾರೆ, ಗ್ರಾಮ ಪಂಚಾಯತಿ ವ್ಯಾಪ್ತಿಯ ಶಾಲೆಯವರಿಗೆ ಹೆಚ್ಚುವರಿ ಅಂಕವೂ ಉಂಟು. ಅರ್ಜಿ ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಆನ್‌ಲೈನ್‌ನಲ್ಲಿ ಕರೆಯುತ್ತಾರೆ. ಮುಂದಿನ ವರ್ಷ ನಿನ್ನ ಸರದಿ. ಶಾಲೆ ಶುರುವಾದ ವಾರವೇ ವಿಜ್ಞಾನದ ಟೀಚರ್ ಹತ್ತಿರ ಹೇಳಿಡು, ಎಂಟನೇ ತರಗತಿಯ ಅಂಕಪಟ್ಟಿ ಜೋಪಾನವಾಗಿ ತೆಗೆದಿಡು.