ಐಟಿಐ ಪಾಸಾದವರು ಇಷ್ಟಿದ್ದರೂ ನುರಿತ ಟರ್ನರ್‌ಗಳು (ಲೇತ್ ಯಂತ್ರದಲ್ಲಿ ಲೋಹ ಕಡೆಯುವವರು) ಏಕೆ ಸಿಗುವುದಿಲ್ಲ? ಸಣ್ಣ ಕಾರ್ಖಾನೆಯವರು ಏನು ಮಾಡಬಹುದು?

ಸರ್ಟಿಫಿಕೇಟಿಗೆ ಕೊರತೆಯಿಲ್ಲ, ಕೊರತೆ ಇರುವುದು ಮಷೀನ್ ಮೇಲೆ ಕಳೆದ ಗಂಟೆಗಳಿಗೆ. ಒಂದು ಉದಾಹರಣೆ: 50 ಮಿ.ಮೀ. ವ್ಯಾಸದ ಉಕ್ಕಿನ ಶಾಫ್ಟನ್ನು ಲೇತ್‌ನಿಂದ ತೆಗೆದ ತಕ್ಷಣ ಮೈಕ್ರೋಮೀಟರ್ ಹಿಡಿದರೆ ಅಳತೆ ಸರಿಯಾಗೇ ಬರುತ್ತದೆ. ಆದರೆ ಆಗ ಅದು ಕೋಣೆಗಿಂತ 30 ಡಿಗ್ರಿ ಬಿಸಿಯಿದ್ದರೆ, ತಣ್ಣಗಾದಾಗ ಸುಮಾರು 0.017 ಮಿ.ಮೀ. ಕುಗ್ಗುತ್ತದೆ. ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಒಟ್ಟು 0.02 ಮಿ.ಮೀ., ಅಂದರೆ ನಡು ಅಳತೆಯಿಂದ ಆಚೀಚೆ 0.01 ಮಾತ್ರ ಇರುವ ಕಡೆ ಇಷ್ಟೇ ಸಾಕು, ಮಾಲು ರಿಜೆಕ್ಟ್. ಹೊಸಬ ಟೂಲ್ ಆಫ್‌ಸೆಟ್ (ಕತ್ತರಿಸುವ ಟೂಲ್‌ನ ಸ್ಥಾನಕ್ಕೆ ಕೊಡುವ ತಿದ್ದುಪಡಿ) ಬದಲಿಸುತ್ತಾ ಕೂರುತ್ತಾನೆ, ನುರಿತವ ಮೊದಲು ಶಾಫ್ಟನ್ನು ಮುಟ್ಟಿ ನೋಡುತ್ತಾನೆ.

ಇದಕ್ಕೆ ದಾರಿ ಅಪ್ರೆಂಟಿಸ್‌ಗಳು, ಅಂದರೆ ಕೆಲಸ ಮಾಡುತ್ತಲೇ ಕಲಿಯುವ ಹುಡುಗರು. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ಅವರನ್ನು ತೆಗೆದುಕೊಳ್ಳಲೇಬೇಕು, ಸಿಬ್ಬಂದಿಯ ಶೇ. 2.5ರಿಂದ 15ರಷ್ಟು. 4ರಿಂದ 29 ಜನರಿದ್ದರೆ ಐಚ್ಛಿಕ. ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಾಯಿಸಿ ಒಪ್ಪಂದ ಮಾಡಿಕೊಂಡರೆ, ಸ್ಟೈಪೆಂಡ್‌ನ ಶೇ. 25ನ್ನು (ತಿಂಗಳಿಗೆ ಗರಿಷ್ಠ 1,500 ರೂ.) ಕೇಂದ್ರ ಸರ್ಕಾರ ಹುಡುಗರ ಖಾತೆಗೇ ಹಾಕುತ್ತದೆ.

ಎಡವುವುದು ಇಲ್ಲೇ: ಅಗ್ಗದ ಕೂಲಿಯೆಂದು ವರ್ಷವಿಡೀ ಲೋಡಿಂಗ್, ಬರ್ (ಕತ್ತರಿಸಿದ ಅಂಚಿನಲ್ಲಿ ಉಳಿಯುವ ಚೂಪು) ಉಜ್ಜುವ ಕೆಲಸಕ್ಕೇ ನಿಲ್ಲಿಸುತ್ತಾರೆ. ಹುಡುಗ ಕಲಿಯುವುದಿಲ್ಲ, ಪಕ್ಕದ ಕಾರ್ಖಾನೆ ಸ್ವಲ್ಪ ಹೆಚ್ಚು ಕೊಟ್ಟರೆ ಹೊರಟೂ ಹೋಗುತ್ತಾನೆ. ಹಳೇ ಮೇಸ್ತ್ರಿಯೊಬ್ಬರಿಗೆ ಇಬ್ಬರಂತೆ ಒಪ್ಪಿಸಿ, ಮೊದಲ ತಿಂಗಳು ಅಳತೆ, ಡ್ರಾಯಿಂಗ್ ಓದುವುದು, ಆಮೇಲೆ ಮಷೀನ್ ಸೆಟ್ಟಿಂಗ್ ಕಲಿಸಲಿ. ಕಲಿಸುವ ಹೊತ್ತಿಗೆ ಮೇಸ್ತ್ರಿಯ ಪ್ರೊಡಕ್ಷನ್ ಟಾರ್ಗೆಟ್ ಇಳಿಸಿ. ಇಳಿಸದಿದ್ದರೆ ಅವರು ಕಲಿಸುವುದಿಲ್ಲ, ಅದು ಅವರ ತಪ್ಪೂ ಅಲ್ಲ.