ಮೊದಲು ಗೆಳೆಯರ ಜೊತೆ, ಆಮೇಲೆ ಅಪ್ಪನ ಜೊತೆ

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. 2022ರಲ್ಲಿ ‘ಅವತಾರ್’ ಸಿನಿಮಾದ ಎರಡನೇ ಭಾಗ ಬಂದಾಗ ನಾವಿಬ್ಬರೇ ಬೆಂಗಳೂರಿಗೆ ಹೋಗಿ ನೋಡಿದ್ದೆವು. ತ್ರೀಡಿ ಕನ್ನಡಕ ಅವನ ಮೂಗಿನ ಮೇಲೆ ನಿಲ್ಲದೆ ಜಾರುತ್ತಿತ್ತು, ನಾನೇ ಹಿಡಿದುಕೊಂಡಿದ್ದೆ. ಮೂರನೆಯದನ್ನೂ ಹೀಗೇ ನೋಡೋಣ ಎಂದು ಅವತ್ತೇ ಮಾತಾಗಿತ್ತು. 2025ರ ಡಿಸೆಂಬರ್ 19ಕ್ಕೆ ಅದು ಬಂತು. ನನಗೆ ರಜೆ ಸಿಕ್ಕಿದ್ದು ಎರಡನೇ ವಾರ. ಹೋದೆವು, ಖುಷಿಯಾಗಿ ಬಂದೆವು. ನಾಲ್ಕು ದಿನ ಬಿಟ್ಟು ಅವನ ಗೆಳೆಯನ ತಾಯಿ ಸಿಕ್ಕಿ, “ಮೊದಲ ಭಾನುವಾರನೇ ಹುಡುಗರೆಲ್ಲ ಇಲ್ಲೇ ನೋಡ್ಕೊಂಡು ಬಂದ್ರಲ್ಲ” ಎಂದರು. ಆ ದಿನ ಅವನು ಕ್ರಿಕೆಟ್ ಎಂದು ಹೇಳಿ ಹೋಗಿದ್ದ. ನನ್ನ ಪಕ್ಕ ಕೂತಾಗ ಇಂಟರ್ವಲ್‌ನಲ್ಲಿ “ಮುಂದೇನಾಗುತ್ತೆ ಅಪ್ಪಾ?” ಎಂದು ಬೇರೆ ಕೇಳಿದ. ಮಧ್ಯೆ ಮಧ್ಯೆ ನನ್ನ ಮುಖ ನೋಡುತ್ತಿದ್ದ. ಈಗ ಎಲ್ಲವೂ ನಾಟಕ ಅನ್ನಿಸುತ್ತಿದೆ. 2009ರಲ್ಲಿ ರೂಮಿನ ಗೆಳೆಯರ ಜೊತೆ ಮೊದಲ ಭಾಗ ನೋಡಿದಾಗಿನಿಂದ ಈ ಕಥೆ ಎಂದರೆ ನನಗೆ ಜೀವ. ಅವನನ್ನು ಕೇಳಿಬಿಡಲೋ, ಗೊತ್ತಿಲ್ಲದ ಹಾಗೆ ಇದ್ದುಬಿಡಲೋ?
ಒಬ್ಬ ತಂದೆ, ತುಮಕೂರು

ಉತ್ತರ: ನಿಮಗೆ ನೋವಾಗಿದೆ. ಬರೀ ಒಂದು ಸಿನಿಮಾ ತಾನೇ ಎಂದು ನಾನು ಹೇಳುವುದಿಲ್ಲ. ಮೂರು ವರ್ಷ ಕಾದಿದ್ದೀರಿ. ಕಾದಿದ್ದು ನಾನೊಬ್ಬನೇನಾ ಎಂಬ ಸಂಕಟ ನಿಮ್ಮ ಪತ್ರದ ಉದ್ದಕ್ಕೂ ಇದೆ.

ಆದರೆ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಮಧ್ಯೆ ಮಧ್ಯೆ ಅವನು ನಿಮ್ಮ ಮುಖ ನೋಡುತ್ತಿದ್ದ. ಒಮ್ಮೆ ನೋಡಿ ಮೆಚ್ಚಿದ ಸಿನಿಮಾಕ್ಕೆ ನಮ್ಮವರನ್ನು ಕರೆದುಕೊಂಡು ಹೋದಾಗ ನಾವೂ ಹಾಗೇ ಮಾಡುತ್ತೇವೆ, ಅಲ್ವಾ? ಒಳ್ಳೆಯ ದೃಶ್ಯ ಬರುತ್ತಿದೆ ಎಂದು ಗೊತ್ತಿರುತ್ತದೆ. ಪರದೆ ಬಿಟ್ಟು ಪಕ್ಕದವರನ್ನು ನೋಡುತ್ತೇವೆ, ಇವರಿಗೂ ಹಿಡಿಸಿತಾ ಅಂತ. ಅದು 3 ಗಂಟೆ 17 ನಿಮಿಷದ ಸಿನಿಮಾ. ವಾರದ ಹಿಂದಷ್ಟೇ ನೋಡಿದ್ದನ್ನು ಆ ಹುಡುಗ ಪೂರ್ತಿ ಮತ್ತೆ ನೋಡಿದ. ತಲೆನೋವು, ಟೆಸ್ಟು ಎಂದು ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅವನು ಬಂದ.

ಗೆಳೆಯರೆಲ್ಲ ಹೊರಟು ನಿಂತಾಗ, “ನಾನು ಅಪ್ಪನ ಜೊತೆ ನೋಡ್ತೀನಿ, ನೀವು ಹೋಗಿ” ಎನ್ನುವುದು ಆ ವಯಸ್ಸಿನಲ್ಲಿ ಸುಲಭವಲ್ಲ. ಹೋಗದಿದ್ದರೆ ಸೋಮವಾರ ಕ್ಲಾಸಿನಲ್ಲಿ ಅವರೇ ಕಥೆ ಪೂರ್ತಿ ಹೇಳಿಬಿಡುತ್ತಿದ್ದರು. 2009ರಲ್ಲಿ ನೀವೂ ಗೆಳೆಯರ ಜೊತೆಗೇ ಹೋದಿರಿ. ಅವತ್ತು ನಿಮ್ಮ ತಂದೆಯವರನ್ನು ಕರೆಯಬೇಕು ಅನ್ನಿಸಿತ್ತಾ? ತಪ್ಪು ಹುಡುಕಲು ಕೇಳುತ್ತಿಲ್ಲ. ನಿಮ್ಮ ಮಗ ಗೆಳೆಯರ ಜೊತೆಗೂ ಹೋದ, ಅಪ್ಪನ ಜೊತೆಗೂ ಹೋದ.

ಇನ್ನು ಸಿನಿಮಾದ ಮಾತು. ಎರಡನೇ ಭಾಗದಲ್ಲಿ ಕಥಾನಾಯಕ ಜೇಕ್ ತನ್ನ ಮಕ್ಕಳನ್ನು ಸಿಪಾಯಿಗಳ ಹಾಗೆ ನಡೆಸಿಕೊಳ್ಳುತ್ತಾನೆ. ಗಂಡುಮಕ್ಕಳು ಅಪ್ಪನನ್ನು ‘ಸರ್’ ಅನ್ನುತ್ತಾರೆ. ಇದು ಪಡೆಯಲ್ಲ, ಸಂಸಾರ ಎಂದು ಹೆಂಡತಿ ನೇಟಿರಿ ಅವನಿಗೆ ನೆನಪಿಸಬೇಕಾಗುತ್ತದೆ. ಕಿರಿಯವನು ಲೋಆಕ್, ಅಪ್ಪನಿಂದ ಒಂದು ಮೆಚ್ಚುಗೆಯ ಮಾತಿಗಾಗಿ ಒದ್ದಾಡುವ ಹುಡುಗ. ಅಣ್ಣ ನೆಟೆಯಮ್ ಕೊನೆಗೆ ಸಾಯುತ್ತಾನೆ. ಮೂರನೇ ಭಾಗ ಶುರುವಾಗುವುದೇ ಆ ದುಃಖದಲ್ಲಿ, ತಪ್ಪು ನನ್ನದೇ ಎಂದು ತಮ್ಮ ಕೊರಗುತ್ತಿರುವಾಗ. ಇದನ್ನು ಗೆಳೆಯರ ಶಿಳ್ಳೆ, ಗಲಾಟೆಯ ನಡುವೆ ನೋಡಿದ ಹುಡುಗನಿಗೆ ಅಪ್ಪನ ಪಕ್ಕ ಕೂತಾಗ ಬೇರೆಯದೇ ಅನಿಸಿರಬೇಕು. ಅವನು ನಿಮ್ಮ ಕಡೆ ತಿರುಗಿದ್ದು ಯಾವ ದೃಶ್ಯಗಳಲ್ಲಿ? ಸ್ವಲ್ಪ ನೆನಪು ಮಾಡಿಕೊಳ್ಳಿ.

ಇಂಟರ್ವಲ್‌ನ ಆ ಪ್ರಶ್ನೆ ಸುಳ್ಳೇ, ನಿಜ. ನಿಮ್ಮ ಖುಷಿ ಕೆಡಬಾರದು ಎಂದು ಹೇಳಿದ ಸುಳ್ಳು ಎಂದೇ ನನಗೆ ಅನ್ನಿಸುತ್ತದೆ. ಅದನ್ನು ಬಿಟ್ಟುಬಿಡಿ. ಕ್ರಿಕೆಟ್ ಎಂದು ಹೇಳಿ ಥಿಯೇಟರ್‌ಗೆ ಹೋಗಿದ್ದನ್ನು ಮಾತ್ರ ಬಿಡಬೇಡಿ. ಮಗ ಎಲ್ಲಿದ್ದಾನೆ ಎಂಬುದು ಮನೆಯವರಿಗೆ ಗೊತ್ತಿರಲೇಬೇಕು.

ಗೊತ್ತಿಲ್ಲದ ಹಾಗೆ ಇರುವುದು ನಿಮ್ಮಿಂದ ಆಗುವುದಿಲ್ಲ. ಮುಖದಲ್ಲಿ ಕಂಡೇ ಕಾಣುತ್ತದೆ, ಏನಾಯ್ತೆಂದು ತಿಳಿಯದೆ ಅವನು ಒದ್ದಾಡುತ್ತಾನೆ. ಹಾಗೆಂದು, “ಮೊದಲೇ ನೋಡಿದ್ಯಾ?” ಎಂದು ಕೇಳಲೂಬೇಡಿ. ಹೆದರಿ ಇನ್ನೊಂದು ಸುಳ್ಳು ಹೇಳಿಬಿಟ್ಟರೆ ಅದರಿಂದ ಹೊರಬರುವುದು ಇಬ್ಬರಿಗೂ ಕಷ್ಟ. ನೀವೇ ಹೇಳಿಬಿಡಿ: “ಭಾನುವಾರ ಹೋಗಿದ್ದು ಗೊತ್ತಾಯ್ತು ಕಣೋ. ಸ್ವಲ್ಪ ಬೇಜಾರಾಯ್ತು. ಆದ್ರೂ ನನ್ನ ಜೊತೆ ಮತ್ತೆ ಬಂದ್ಯಲ್ಲ, ಖುಷಿ ಆಯ್ತು. ಇನ್ಮೇಲೆ ಎಲ್ಲಿಗೆ ಹೋದ್ರೂ ಹೇಳಿ ಹೋಗು.” ಇಷ್ಟೇ ಸಾಕು. ಅವನ ತಾಯಿಯ ಎದುರು, ನೆಂಟರ ಎದುರು ಬೇಡ. ಆ ಗೆಳೆಯನ ತಾಯಿಯ ಹೆಸರನ್ನೂ ಎತ್ತಬೇಡಿ.

ನಾಲ್ಕನೇ ಭಾಗಕ್ಕೆ 2029ರ ಡಿಸೆಂಬರ್ ಎಂದು ಘೋಷಿಸಿದ್ದಾರೆ. ಆಗ ಅವನಿಗೆ 18, ಯಾವ ಊರಿನ ಕಾಲೇಜಿನಲ್ಲಿರುತ್ತಾನೋ. ಮೊದಲು ನನ್ನ ಜೊತೆಗೇ ನೋಡಬೇಕು ಎಂದು ಈಗಲೇ ಮಾತು ತೆಗೆದುಕೊಳ್ಳಬೇಡಿ. ಎಷ್ಟು ಸಲ ನೋಡಿದ್ದರೂ ಪರವಾಗಿಲ್ಲ, ಊರಿಗೆ ಬಂದಾಗ ನನ್ನ ಜೊತೆ ಒಂದು ಸಲ ಬಾ ಎನ್ನಿ.

ಈ ಭಾನುವಾರ ಬೆಳಿಗ್ಗೆ ಅವನನ್ನು ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಕರೆದುಕೊಂಡು ಹೋಗಿ. ಹೇಳಬೇಕಾದ್ದನ್ನು ಹೇಳಿ ಮುಗಿಸಿದ ಮೇಲೆ, ಎರಡನೇ ಸಲ ನೋಡಿದಾಗ ಹೊಸದಾಗಿ ಏನು ಕಂಡಿತು ಎಂದು ಕೇಳಿ. ಈ ಸಿನಿಮಾದ ಬಗ್ಗೆ ಈಗ ಅವನಿಗೆ ನಿಮಗಿಂತ ಜಾಸ್ತಿ ಗೊತ್ತು.