ಓದುಗರ ಪ್ರಶ್ನೆಗೆ ಉತ್ತರ: ಅಯೋಡಿನ್ ಹೀರುವ ರಂಧ್ರಗಳು

ಪ್ರಶ್ನೆ: ತನ್ನ ತೂಕಕ್ಕಿಂತಲೂ ಹೆಚ್ಚು ಅಯೋಡಿನ್ ಹೀರಬಲ್ಲ ರಂಧ್ರಮಯ ವಸ್ತುಗಳನ್ನು ಪ್ರಯೋಗಾಲಯಗಳಲ್ಲಿ ತಯಾರಿಸಿದ್ದಾರೆಂದು ಓದಿದ್ದೇನೆ. ಹಾಗಿದ್ದರೂ ಬಳಸಿದ ಅಣು ಇಂಧನದ ಮರುಸಂಸ್ಕರಣೆಯಲ್ಲಿ ಬೆಳ್ಳಿ ಸೇರಿಸಿದ ಜಿಯೋಲೈಟನ್ನೇ (ಸೂಕ್ಷ್ಮ ರಂಧ್ರಗಳುಳ್ಳ ಖನಿಜವನ್ನೇ) ಏಕೆ ನೆಚ್ಚಿಕೊಳ್ಳುತ್ತಾರೆ?

ಉತ್ತರ: ಹೆಚ್ಚು ಹೀರಿದ ವಸ್ತುವೇ ಹೆಚ್ಚು ಕಾಲ ಹಿಡಿದಿಟ್ಟುಕೊಳ್ಳುತ್ತದೆ ಎಂದು ನಮಗೆ ಸಹಜವಾಗಿಯೇ ತೋರುತ್ತದೆ. ಅಯೋಡಿನ್ ವಿಷಯದಲ್ಲಿ ಇವೆರಡೂ ಬೇರೆ ಬೇರೆ ಗುಣಗಳು. ಬಳಸಿದ ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸುವಾಗ ಅದರಲ್ಲಿರುವ ಅಯೋಡಿನ್‌ನ ಹೆಚ್ಚಿನ ಪಾಲು ಆವಿಯಾಗಿ ಹೊರಬೀಳುತ್ತದೆ. ಅದರಲ್ಲಿ ಚಿಂತೆಗೆ ಕಾರಣವಾದದ್ದು ಅಯೋಡಿನ್-129 ಎಂಬ ವಿಕಿರಣಶೀಲ ಬಗೆ; ಅದರ ಅರ್ಧಾಯುಷ್ಯ ಸುಮಾರು 1.57 ಕೋಟಿ ವರ್ಷ. ಅಯೋಡೈಡ್ ರೂಪದಲ್ಲಿ ಅದು ಅಂತರ್ಜಲದೊಡನೆ ಸರಾಗವಾಗಿ ಹರಿಯುತ್ತದೆ, ದೇಹಕ್ಕೆ ಸೇರಿದರೆ ಥೈರಾಯ್ಡ್ ಗ್ರಂಥಿಯಲ್ಲಿ ನೆಲೆಸುತ್ತದೆ.

ನೀವು ಓದಿರುವುದು ಬಹುಶಃ ಲೋಹ-ಸಾವಯವ ಚೌಕಟ್ಟುಗಳ ಕುರಿತು; ಇವು ಲೋಹದ ಅಯಾನುಗಳನ್ನು ಸಾವಯವ ಅಣುಗಳಿಂದ ಬೆಸೆದು ಕಟ್ಟಿದ ರಂಧ್ರಮಯ ಹರಳುಗಳು. 2025ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿ ಸುಸುಮು ಕಿತಾಗಾವಾ, ರಿಚರ್ಡ್ ರಾಬ್ಸನ್ ಮತ್ತು ಒಮರ್ ಯಾಘಿ ಅವರಿಗೆ ಸಂದದ್ದು ಇಂಥ ಚೌಕಟ್ಟುಗಳನ್ನು ರೂಪಿಸಿದ್ದಕ್ಕಾಗಿಯೇ. ಈ ಬಳಗದ ಜಿಫ್-8 ಎಂಬ ಸತುವಿನ ಚೌಕಟ್ಟಿನಲ್ಲಿ ಒಳಗೂಡಿನ ಅಗಲ ಸುಮಾರು 1.16 ನ್ಯಾನೊಮೀಟರ್, ಅದರ ಬಾಗಿಲು ಮಾತ್ರ 0.34. ಅಯೋಡಿನ್ ಅಣುವಿನ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಒಳಹೊಕ್ಕ ಅಣು ಸುಲಭವಾಗಿ ಹೊರಬರಲಾರದು. ಆದರೆ ಹರಳಿನ ಹೊರಮೈಗೆ ಅಂಟಿಕೊಂಡದ್ದು ಸ್ವಲ್ಪ ಕಾಯಿಸಿದರೆ ಬಿಟ್ಟುಹೋಗುತ್ತದೆ. ತೂಗಿ ನೋಡಿದಾಗ ಇವೆರಡೂ ಒಂದೇ ಅಂಕಿಯಲ್ಲಿ ಸೇರಿಬಿಡುತ್ತವೆ. ಆದ್ದರಿಂದ, ಒಂದು ಗ್ರಾಂ ವಸ್ತು ಎಷ್ಟು ಗ್ರಾಂ ಹೀರಿತು ಎಂಬ ಲೆಕ್ಕವೊಂದನ್ನೇ ನಂಬಿ ತೀರ್ಪು ಕೊಡುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಪರೀಕ್ಷೆಯ ವಿಧಾನವನ್ನೂ ಗಮನಿಸಬೇಕು. ಇಂಥ ದೊಡ್ಡ ಅಂಕಿಗಳು ಸಾಮಾನ್ಯವಾಗಿ ಮುಚ್ಚಿದ ಪಾತ್ರೆಯಲ್ಲಿ, ಸುಮಾರು 75 ಡಿಗ್ರಿ ಸೆಲ್ಸಿಯಸ್‌ನಲ್ಲಿ, ದಟ್ಟವಾದ ಅಯೋಡಿನ್ ಆವಿಯ ನಡುವೆ ದೊರೆತವು. ಸ್ಥಾವರದ ಅನಿಲದಲ್ಲಿಯಾದರೋ ಅಯೋಡಿನ್ ಅತ್ಯಲ್ಪವಾಗಿದ್ದು, ನೀರಾವಿಯೂ ನೈಟ್ರೋಜನ್ ಆಕ್ಸೈಡುಗಳೂ ಹೇರಳವಾಗಿರುತ್ತವೆ. ಅವು ಕೂಡಿ ಉಂಟಾಗುವ ಆಮ್ಲಕ್ಕೆ ಜಿಫ್-8 ತಡೆಯದೆ ಕುಸಿಯುತ್ತದೆ.

ಬೆಳ್ಳಿಯುಳ್ಳ ಮಾರ್ಡನೈಟ್ ಎಂಬ ಜಿಯೋಲೈಟ್ ತನ್ನ ತೂಕದ ಸುಮಾರು ಹತ್ತನೇ ಒಂದು ಪಾಲನ್ನಷ್ಟೇ ಹೀರುತ್ತದೆ. ಆದರೆ 150 ಡಿಗ್ರಿಯ ಆಸುಪಾಸಿನಲ್ಲಿಯೂ ಅದು ಕೆಲಸ ಮಾಡುತ್ತದೆ, ಮತ್ತು ಅಲ್ಲಿ ಅಯೋಡಿನ್ ಬರಿದೇ ಅಂಟಿಕೊಳ್ಳದೆ ಬೆಳ್ಳಿಯೊಡನೆ ಕೂಡಿ, ನೀರಿನಲ್ಲಿ ಕರಗಲೊಲ್ಲದ ಬೆಳ್ಳಿ ಅಯೋಡೈಡ್ ಆಗುತ್ತದೆ. ನೈಟ್ರೋಜನ್ ಆಕ್ಸೈಡುಗಳಿಂದ ಬೆಳ್ಳಿಯ ಕಸುವು ಕ್ರಮೇಣ ಕುಂದುವುದು ಇದರ ನಿಜವಾದ ಕೊರತೆ. ಅಯೋಡಿನ್ ತುಂಬಿದ ಜಿಯೋಲೈಟ್ ಕಾಳುಗಳನ್ನು ಕಡಿಮೆ ತಾಪದಲ್ಲಿ ಕರಗುವ ಗಾಜಿನ ಪುಡಿಯೊಡನೆ ಬೆಸೆದು ಗಟ್ಟಿಯಾಗಿಸುವ ಪ್ರಯತ್ನಗಳೂ ನಡೆದಿವೆ. ಹೊಸ ಚೌಕಟ್ಟುಗಳ ಬಗ್ಗೆ ನನಗೆ ಬಹಳ ಭರವಸೆಯಿದೆ. ಅವು ಗೆಲ್ಲಬೇಕಾದದ್ದು ಹೀಗೆ ಹಿಡಿದಿಟ್ಟುಕೊಳ್ಳುವ ಹಂತದಲ್ಲಿ.

ಪ್ರಶ್ನೆ: ಅಣು ಸ್ಥಾವರಗಳ ಗಾಳಿಯಿಂದ ಅಯೋಡಿನ್ ಸೋಸುವ ಶೋಧಕಗಳ ಇದ್ದಿಲಿಗೆ ಪೊಟ್ಯಾಸಿಯಂ ಅಯೋಡೈಡನ್ನು ಲೇಪಿಸುವುದೇಕೆ? ಅಯೋಡಿನ್ ಹಿಡಿಯಲು ಅಯೋಡಿನ್ನೇ ಬೇಕೆ?

ಉತ್ತರ: ಅಣುರೂಪದ ಅಯೋಡಿನ್‌ಗೆ ಬರಿಯ ಸಕ್ರಿಯ ಇದ್ದಿಲು ಸಾಕಾಗುತ್ತದೆ. ಅಯೋಡಿನ್‌ನ ಸಾವಯವ ಸಂಯುಕ್ತವಾದ ಮೀಥೈಲ್ ಅಯೋಡೈಡ್ ಮಾತ್ರ, ವಿಶೇಷವಾಗಿ ತೇವವಿದ್ದಾಗ, ಅದಕ್ಕೆ ಸರಿಯಾಗಿ ಸಿಗದು. ಲೇಪನದಲ್ಲಿರುವ ಸಾಧಾರಣ ಅಯೋಡಿನ್, ಹಾದುಹೋಗುವ ಅಣುವಿನಲ್ಲಿರುವ ವಿಕಿರಣಶೀಲ ಅಯೋಡಿನ್‌ನೊಡನೆ ಸ್ಥಾನ ಬದಲಿಸಿಕೊಳ್ಳುತ್ತದೆ. ಹೀಗೆ ಅಪಾಯಕಾರಿಯಾದದ್ದು ಇದ್ದಿಲಿನಲ್ಲಿ ಉಳಿದು, ನಿರಪಾಯಕಾರಿಯಾದದ್ದು ಅಣುವಿನೊಡನೆ ಮುಂದೆ ಸಾಗುತ್ತದೆ. ಎಂಟು ದಿನಗಳ ಅರ್ಧಾಯುಷ್ಯವುಳ್ಳ ಅಯೋಡಿನ್-131 ಕೆಲವು ತಿಂಗಳು ಅಲ್ಲಿಯೇ ನಿಂತರೆ ಬಹುಮಟ್ಟಿಗೆ ಕ್ಷಯಿಸಿಹೋಗುತ್ತದೆ.